ದನಿಗಳ್ಳ ತೋಳ: ಇಲ್ಲದ ಪ್ರಾಣಿಯೊಂದರ ಹೊಟ್ಟೆಪಾಡು

(ಇದು ಒಂದು ಉಪನ್ಯಾಸದ ಬರಹ ರೂಪ. ತೊದಲಿದ್ದನ್ನು ತಿದ್ದಿದ್ದೇನೆ. ಅಡ್ಡಮಾತುಗಳನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ. ನಾನು ಇವತ್ತು ಮಾತಾಡುವ ಪ್ರಾಣಿ ಎಲ್ಲೂ ಇಲ್ಲ. ಅದನ್ನು ಕಟ್ಟಿದ್ದು ನಾನೇ. ಹೆಸರು ದನಿಗಳ್ಳ ತೋಳ. ನೋಡಲು ಮಾಮೂಲಿ ಬೂದು ತೋಳದ ಹಾಗೇ ಇದೆ. ಮಾಯೆ ಒಂದೇ ಒಂದು. ಅದು ತನ್ನ ಸುತ್ತಲಿನ ಸದ್ದನ್ನು ಕದಿಯುತ್ತದೆ. ಒಣಗಿದ ಎಲೆಗಳ ಮೇಲೆ ನಡೆದರೂ ಸರಪರ ಇಲ್ಲ. ಕದ್ದ ಸದ್ದು ಅದರ ಮೈಯೊಳಗೇ ಉಳಿಯುತ್ತದೆ, ಬೇಕೆಂದಾಗ ಹೊರಗೆ ಬಿಡುತ್ತದೆ. ಅಷ್ಟೇ. ಬೆಂಕಿ ಉಗುಳುವುದಿಲ್ಲ, ಮನುಷ್ಯನಾಗುವುದಿಲ್ಲ. ಹುಣ್ಣಿಮೆಗೂ ಅದಕ್ಕೂ ಸಂಬಂಧವಿಲ್ಲ. ನಿಜದ ತೋಳಕ್ಕೂ ಇಲ್ಲ, ಗೊತ್ತಲ್ಲ? ಊಳಿಡುವಾಗ ತೋಳ ಕತ್ತು ಮೇಲೆತ್ತುತ್ತದೆ. ಮೇಲೆ ಚಂದ್ರ ಇರುತ್ತಾನೆ. ಪಾಪ, ಅವನದೇನು ತಪ್ಪು?

ಮಾಯಾಪ್ರಾಣಿ ಕಟ್ಟುವವರು ಸಾಮಾನ್ಯವಾಗಿ ಮಾಯೆಯಿಂದ ಶುರುಮಾಡಿ ಅಲ್ಲೇ ಮುಗಿಸುತ್ತಾರೆ. ನನಗೆ ಕುತೂಹಲ ಬೇರೆ ಕಡೆ. ಅದು ಏನು ತಿನ್ನುತ್ತದೆ? ಮರಿ ಯಾವಾಗ ಕಣ್ಣು ಬಿಡುತ್ತದೆ? ಮುದಿಯಾದರೆ ಯಾರು ನೋಡಿಕೊಳ್ಳುತ್ತಾರೆ? ಮಾಯೆಗೂ ಹೊಟ್ಟೆ ಇದೆ. ಆ ಹೊಟ್ಟೆಗೆ ಯಾರು ಹಾಕುತ್ತಾರೆ ಅನ್ನುವುದು ನನ್ನ ಇವತ್ತಿನ ಮಾತು.

ನನ್ನ ಮೊದಲ ತೋಳ ಹಸಿವಿನಿಂದ ಸತ್ತಿತು. ಅದರ ಕಥೆ ಕೇಳಿ. ಮೊದಲ ಕರಡಿನಲ್ಲಿ ಈ ತೋಳ ಸದ್ದನ್ನೇ ತಿಂದು ಬದುಕುತ್ತಿತ್ತು. ಮಾಂಸ ಬೇಡ, ಬೇಟೆ ಬೇಡ. ಗುಡುಗು ಬಂದರೆ ಔತಣ. ಓದಲು ಚೆನ್ನಾಗಿಯೇ ಇತ್ತು. ಆಮೇಲೆ ಯಾಕೋ ಲೆಕ್ಕ ಹಾಕೋಣ ಅನ್ನಿಸಿತು. ಅದೇ ತಪ್ಪಾಯಿತು.

1932ರಲ್ಲಿ ಮ್ಯಾಕ್ಸ್ ಕ್ಲೈಬರ್ ಎಂಬ ವಿಜ್ಞಾನಿ ಒಂದು ಲೆಕ್ಕ ತೋರಿಸಿದರು. ಪ್ರಾಣಿ ದೊಡ್ಡದಾದಂತೆ ಅದರ ಮೈ ಖರ್ಚುಮಾಡುವ ಶಕ್ತಿಯೂ ಹೆಚ್ಚುತ್ತದೆ, ಆದರೆ ತೂಕ ಹೆಚ್ಚಿದಷ್ಟು ಅಲ್ಲ. ಆ ಲೆಕ್ಕದ ಪ್ರಕಾರ 40 ಕಿಲೋ ತೂಗುವ ತೋಳಕ್ಕೆ ಸುಮ್ನೆ ಮಲಗಿದ್ದರೂ ದಿನಕ್ಕೆ ಸುಮಾರು 1,100 ಕಿಲೋಕ್ಯಾಲರಿ ಬೇಕು. ಅಂದರೆ ಹೆಚ್ಚುಕಡಿಮೆ 50 ವ್ಯಾಟ್‌ನ ಬಲ್ಬೊಂದು ಹಗಲೂ ರಾತ್ರಿ ಉರಿದ ಹಾಗೆ. ಇನ್ನು ಸದ್ದಿನ ಕಡೆ ನೋಡಿ. ನಾವು ಮಾಮೂಲಾಗಿ ಮಾತಾಡುವ ಸದ್ದು ಸುಮಾರು 60 ಡೆಸಿಬೆಲ್. ಅದು ಒಂದು ಚದರ ಮೀಟರಿಗೆ ತಂದು ಹಾಕುವ ಶಕ್ತಿ ಒಂದು ವ್ಯಾಟ್‌ನ ಹತ್ತು ಲಕ್ಷದಲ್ಲಿ ಒಂದು ಪಾಲು. ಕಿವಿ ನೋಯುವಂಥ 120 ಡೆಸಿಬೆಲ್ ಗದ್ದಲದಲ್ಲಿ ನಿಂತರೂ ಚದರ ಮೀಟರಿಗೆ ಸಿಗುವುದು ಒಂದೇ ವ್ಯಾಟ್. ತೋಳದ ಮೈ ಹರಡಿದರೆ ಒಂದು ಚದರ ಮೀಟರಿಗಿಂತ ತುಸು ಜಾಸ್ತಿ ಆದೀತು. ಐವತ್ತು ಬೇಕಾದ ಕಡೆ ಒಂದು! ನನ್ನ ತೋಳ ಗುಡುಗಿನ ನಡುವೆಯೇ ಉಪವಾಸ ಸತ್ತಿತು.

ಇದನ್ನು ಸ್ನೇಹಿತರ ಹತ್ತಿರ ಹೇಳಿಕೊಂಡೆ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಅಂತಾರಲ್ಲ, ಹಾಗಾಯಿತು. ‘ಮಾಯೆ ಅಲ್ವಾ, ಲೆಕ್ಕ ಯಾಕೆ?’ ಎಂದರು ಒಬ್ಬರು. ‘ಮರಕ್ಕೆ ಜೋತುಬಿದ್ದಿರುವ ಆ ನಿಧಾನದ ಪ್ರಾಣಿ ಸ್ಲಾತ್‌ನ ಕೂದಲಲ್ಲಿ ಪಾಚಿ ಬೆಳೆಯುತ್ತದಂತೆ, ಇದಕ್ಕೂ ಬೆಳೆಸು, ಬಿಸಿಲು ಕುಡಿದುಕೊಂಡು ಇರಲಿ’ ಎಂದರು ಇನ್ನೊಬ್ಬರು. ನಾನು ಸೋಲೊಪ್ಪಿಕೊಂಡೆ. ದನಿಗಳ್ಳ ಈಗ ಎಲ್ಲ ತೋಳಗಳ ಹಾಗೆ ಮಾಂಸ ತಿನ್ನುತ್ತದೆ. ಸಿಕ್ಕಾಗ ಒಂದೇ ಸಲಕ್ಕೆ ಎಂಟೊಂಬತ್ತು ಕಿಲೋ ನುಂಗುತ್ತದೆ, ಸಿಗದಿದ್ದಾಗ ದಿನಗಟ್ಟಲೆ ಹಸಿದಿರುತ್ತದೆ. ಸದ್ದು ಅದಕ್ಕೆ ಊಟವಲ್ಲ, ಊಟ ಹುಡುಕುವ ಉಪಾಯ.

ಉಪಾಯ ಎಂದೆ. ಅಲ್ಲೂ ಒಂದು ತೊಡಕಿದೆ.

ತೋಳದ ಬೇಟೆ ನಾವು ಅಂದುಕೊಂಡಷ್ಟು ಸಲೀಸಲ್ಲ. ಅಮೆರಿಕದ ಐಲ್ ರಾಯಲ್ ದ್ವೀಪದಲ್ಲಿ ಡೇವಿಡ್ ಮೆಚ್ ಎಂಬ ಸಂಶೋಧಕರು ಚಿಕ್ಕ ವಿಮಾನದಲ್ಲಿ ಕೂತು ತೋಳಗಳನ್ನು ಹಿಂಬಾಲಿಸಿದರು. ಅಲ್ಲಿನ ತೋಳಗಳ ಮುಖ್ಯ ಆಹಾರ ಮೂಸ್, ಅಂದರೆ ಕುದುರೆಯಷ್ಟು ಎತ್ತರದ ದೊಡ್ಡ ಜಿಂಕೆ ಜಾತಿ. ತೋಳಗಳ ಕಣ್ಣಿಗೋ ಮೂಗಿಗೋ ಸಿಕ್ಕ 131 ಮೂಸ್‌ಗಳಲ್ಲಿ ಅವು ಕೊನೆಗೆ ಕೊಂದಿದ್ದು 6. ಉಳಿದವು ಓಡಿದವು, ಇಲ್ಲವೇ ನಿಂತು ಒದ್ದವು. ಹೀಗಿರುವಾಗ ಸದ್ದಿಲ್ಲದ ಹೆಜ್ಜೆ ಸಿಕ್ಕರೆ ದೊಡ್ಡ ಲಾಭ ಅಲ್ವಾ?

ಸ್ವಲ್ಪ ಹೊತ್ತು ಜಿಂಕೆಯಾಗಿ ಯೋಚಿಸಿ. ರಾತ್ರಿ. ಜೀರುಂಡೆ ಕೊರೆಯುತ್ತಿದೆ, ಎಲ್ಲೋ ಕಪ್ಪೆ, ಎಲೆಗಳ ಮರ್ಮರ. ಇದ್ದಕ್ಕಿದ್ದಂತೆ ಎಡಗಡೆಯ ಜೀರುಂಡೆಗಳೆಲ್ಲ ಗಪ್‌ಚುಪ್. ನಿಮಗೇ ಎದೆ ಧಸಕ್ ಅನ್ನುತ್ತದೆ. ಜಿಂಕೆಗೆ ಅನ್ನದೇ ಇರುತ್ತಾ? ಮೌನ ಕೇಳಿದ ಕೂಡಲೇ ಓಡಿದ ಜಿಂಕೆ ಉಳಿಯುತ್ತದೆ, ಅದರ ಮರಿಗೂ ಅದೇ ಸ್ವಭಾವ ಬರುತ್ತದೆ. ಯೋಚಿಸುತ್ತಾ ನಿಂತ ಜಿಂಕೆಗೆ ಮರಿಗಳೇ ಇಲ್ಲ. ಹತ್ತಾರು ತಲೆಮಾರು ಹೀಗೇ ಕಳೆದರೆ ಏನಾಗುತ್ತದೆ? ಬೆಕ್ಕಿನ ಕೊರಳಿಗೆ ಗಂಟೆ ಕಟ್ಟಲು ಇಲಿಗಳು ಒದ್ದಾಡಿದವು. ನಮ್ಮ ತೋಳ ತಾನೇ ಹೋಗಿ ಕಟ್ಟಿಸಿಕೊಂಡಿತು. ಮೌನವೇ ಅದರ ಗಂಟೆ.

ಇದಕ್ಕೆ ಉತ್ತರ ಹುಡುಕಲು ನನಗೆ ಬಹಳ ದಿನ ಹಿಡಿಯಿತು. ಉತ್ತರ ಸಿಕ್ಕಿದ್ದು ಕದ್ದ ಮಾಲಿನಲ್ಲೇ. ದೊಡ್ಡ ತೋಳ ತನ್ನ ಹೆಜ್ಜೆಯ ಸದ್ದನ್ನು ಕದಿಯುವಾಗಲೇ ನಿನ್ನೆ ಕದ್ದ ಜೀರುಂಡೆಯ ಸದ್ದನ್ನು ತೆಳ್ಳಗೆ ಹೊರಗೆ ಬಿಡುತ್ತದೆ. ತೂತಿಗೆ ತೇಪೆ ಹಾಕಿದ ಹಾಗೆ. ಜಿಂಕೆಯ ಕಿವಿಗೆ ಕಾಡು ಮಾಮೂಲಾಗಿಯೇ ಇದೆ. ಹಾಗಾಗಿ ಈ ತೋಳಕ್ಕೆ ಸದ್ದಿನ ದಾಸ್ತಾನು ಬೇಕೇ ಬೇಕು. ಬರೀ ಕದ್ದರೆ ಸಾಲದು, ಯಾವ ಹೊತ್ತಿಗೆ ಯಾವುದನ್ನು ಬಿಡಬೇಕು ಎಂದು ಗೊತ್ತಿರಬೇಕು. ಪ್ರಾಯದ ತೋಳಗಳು ಇಲ್ಲೇ ಎಡವುವುದು. ನಡುರಾತ್ರಿ ಬೆಳಗಿನ ಹಕ್ಕಿಯ ಚಿಲಿಪಿಲಿ ಬಿಡುತ್ತವೆ. ಚಳಿಗಾಲದ ಹಿಮದಲ್ಲಿ ಮಳೆಗಾಲದ ಕಪ್ಪೆಗಳ ವಟವಟ. ಜಿಂಕೆ ತಲೆಯೆತ್ತಿ ನೋಡುತ್ತದೆ, ಬೇಟೆ ಕೆಡುತ್ತದೆ, ಅಮ್ಮ ಗುರ್ ಎನ್ನುತ್ತದೆ.

ಇನ್ನೊಂದು ಬೆಲೆಯೂ ಇದೆ. ಸದ್ದು ಕದಿಯುವಷ್ಟು ಹೊತ್ತು ತೋಳಕ್ಕೂ ಏನೂ ಕೇಳಿಸುವುದಿಲ್ಲ. ಕಿವಿಗೆ ಬರುವುದನ್ನೇ ತಾನೇ ಅದು ನುಂಗುತ್ತಿರುವುದು? ಆದ್ದರಿಂದ ಬೇಟೆಯ ಕೊನೆಯ ಹಂತ ಪೂರ್ತಿ ಮೂಗಿನ ಮೇಲೆ, ಕಣ್ಣಿನ ಮೇಲೆ. ಮರ ಮುರಿದು ಬಿದ್ದರೂ ಗೊತ್ತಾಗುವುದಿಲ್ಲ. ಮತ್ತೆ, ನೆಲದ ಅದುರನ್ನು ಅದು ಕದಿಯಲಾರದು. ಹಾವು ಅದನ್ನು ಮೊದಲೇ ಗುರುತಿಸಿ ಜಾಗ ಖಾಲಿಮಾಡುತ್ತದೆ.

ಈಗ ಮೈಯ ರಚನೆ. ಸದ್ದನ್ನು ಹೀರುವ ಕೆಲಸಕ್ಕೆ ನಾನು ಮಾಯೆ ಬಳಸಿಲ್ಲ. ಪ್ರಕೃತಿಯಲ್ಲೇ ಅದು ಇದೆ. ಗೂಬೆಯ ರೆಕ್ಕೆಯ ಮುಂದಿನ ಅಂಚಿನಲ್ಲಿ ಬಾಚಣಿಗೆಯಂಥ ಹಲ್ಲುಗಳಿವೆ, ಮೇಲ್ಮೈ ಮಕಮಲ್ಲಿನಂತಿದೆ. ಅದಕ್ಕೇ ಅದು ಹಾರಿದರೆ ಸದ್ದಾಗುವುದಿಲ್ಲ. ಕೆಲವು ಪತಂಗಗಳ ಮೈಮೇಲಿನ ಹುರುಪೆಗಳು ಬಾವಲಿಯ ಕೂಗನ್ನು ಹೀರಿಕೊಳ್ಳುತ್ತವೆ, ಬಾವಲಿಗೆ ಮರುದನಿ ಸರಿಯಾಗಿ ತಲುಪುವುದಿಲ್ಲ. ತೋಳಕ್ಕೆ ಹೇಗೂ ಎರಡು ಪದರದ ತುಪ್ಪಳ ಇದೆ. ಒಳಗೆ ಮೆತ್ತನೆಯ ಉಣ್ಣೆ, ಹೊರಗೆ ಒರಟು ಕೂದಲು. ಕತ್ತಿನ ಹತ್ತಿರದ ಹೊರಕೂದಲನ್ನು ಪತಂಗದ ಹುರುಪೆಯ ಹಾಗೆ ಮಾಡಿದೆ, ಮುಗಿಯಿತು.

ದಾಸ್ತಾನು ಇಡಲು ಜಾಗ? ಅದೂ ಇತ್ತು. ತೋಳದ ತಲೆಬುರುಡೆಯನ್ನು ಮಗುಚಿ ನೋಡಿದರೆ ಕಿವಿಯ ಕೆಳಗೆ ಎರಡು ಗುಳ್ಳೆಯಂಥ ಪೊಳ್ಳು ಮೂಳೆಗಳು ಕಾಣುತ್ತವೆ. ಟಿಂಪ್ಯಾನಿಕ್ ಬುಲ್ಲಾ ಎನ್ನುತ್ತಾರೆ. ಮರಳುಗಾಡಿನ ಕಾಂಗರೂ ಇಲಿಗಳಲ್ಲಿ ಇವು ತಲೆಯ ಅಳತೆಗೆ ಮೀರಿ ಉಬ್ಬಿರುತ್ತವೆ. ಗೂಬೆಯ, ಹಾವಿನ ಸಣ್ಣ ಸದ್ದು ಹಿಡಿಯಲು ಅವಕ್ಕೆ ಅದು ಸಹಾಯ. ದನಿಗಳ್ಳನ ಗುಳ್ಳೆಗಳೂ ದಪ್ಪ, ಒಳಗೆ ಜೇನುಗೂಡಿನಂಥ ಗೋಡೆಗಳು. ಸದ್ದು ಉಳಿಯುವುದು ಅಲ್ಲಿ. ಹೇಗೆ ಉಳಿಯುತ್ತದೆ ಎಂದು ಮಾತ್ರ ಕೇಳಬೇಡಿ. ಕಥೆ ಕಟ್ಟುವವನಿಗೆ ಒಂದು ಸುಳ್ಳು ಮಾಫಿ. ನಾನು ನನ್ನ ಪಾಲಿನದನ್ನು ಈ ಮೂಳೆಯಲ್ಲಿ ಖರ್ಚುಮಾಡಿದ್ದೇನೆ. ಉಳಿದದ್ದೆಲ್ಲ ಪ್ರಾಮಾಣಿಕವಾಗಿರಬೇಕು.

ಹುಟ್ಟಿನ ಕಡೆ ಬರೋಣ. ನನಗೆ ತುಂಬಾ ಇಷ್ಟದ ಭಾಗ ಇದು.

ತೋಳದ ಬಸಿರು ಸುಮಾರು 63 ದಿನ. ಒಂದು ಸೂಲಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ಮರಿ. ಹುಟ್ಟಿದಾಗ ಒಂದೊಂದೂ ಅರ್ಧ ಕಿಲೋದ ಆಸುಪಾಸು, ಕುರುಡು, ಕಿವುಡು. ಎರಡು ವಾರಕ್ಕೆ ಕಣ್ಣು ಬಿಡುತ್ತವೆ, ಆದರೆ ನೋಟ ತಿಳಿಯಾಗಲು ಇನ್ನೂ ತಿಂಗಳು ಬೇಕು. ಇಲ್ಲೊಂದು ಸ್ವಾರಸ್ಯ ಇದೆ. ಕ್ಯಾಥರಿನ್ ಲಾರ್ಡ್ ಎಂಬ ಸಂಶೋಧಕಿ ತೋಳದ ಮರಿಗಳನ್ನೂ ನಾಯಿಮರಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ಗಮನಿಸಿದರು. 2013ರಲ್ಲಿ ಅದು ಪ್ರಕಟವಾಯಿತು. ಎರಡಕ್ಕೂ ಮೂಗು ಎರಡನೇ ವಾರಕ್ಕೆ, ಕಿವಿ ನಾಲ್ಕನೇ ವಾರಕ್ಕೆ, ಕಣ್ಣು ಆರನೇ ವಾರಕ್ಕೆ ಸರಿಯಾಗಿ ಕೆಲಸಕ್ಕೆ ಬರುತ್ತದೆ. ಆದರೆ ನಾಯಿಮರಿ ನಾಲ್ಕನೇ ವಾರದವರೆಗೆ ಕಾದು ಆಮೇಲೆ ಸುತ್ತಾಡಲು ಹೊರಡುತ್ತದೆ. ತೋಳದ ಮರಿ ಕಾಯುವುದಿಲ್ಲ. ಎರಡನೇ ವಾರಕ್ಕೇ, ಕಿವಿ ಕೇಳದೆ, ಕಣ್ಣು ಸರಿಯಾಗಿ ಕಾಣದೆ, ಬರೀ ಮೂಗು ನಂಬಿ ತೆವಳುತ್ತಾ ಲೋಕ ನೋಡಲು ಹೊರಡುತ್ತದೆ. ಅದಕ್ಕೇ ಅದಕ್ಕೆ ಸದ್ದೂ ನೋಟವೂ ಮೊದಲ ಸಲ ಎದುರಾದಾಗ ಬೆಚ್ಚಿಬೀಳುವುದು ಜಾಸ್ತಿ.

ಇದನ್ನು ಓದಿದಾಗ ನನಗೆ ರೋಮಾಂಚನವಾಯಿತು. ನಾನು ಏನನ್ನೂ ಹುಟ್ಟಿಸಬೇಕಾಗಿರಲೇ ಇಲ್ಲ. ಸದ್ದು ಕದಿಯುವ ಪ್ರಾಣಿ ತನ್ನ ಬದುಕಿನ ಮೊದಲ ತಿಂಗಳು ಪೂರ್ತಿ ಮೌನದಲ್ಲಿ ಕಳೆಯುತ್ತದೆ. ಕಿವಿ ತೆರೆದ ದಿನ ಗುಳ್ಳೆಮೂಳೆ ಖಾಲಿ. ಮೊದಲು ಬಿದ್ದ ಸದ್ದು ಅಲ್ಲೇ ತಳ ಹಿಡಿಯುತ್ತದೆ, ಮತ್ತೆ ಎಂದೂ ಹೊರಗೆ ಬರುವುದಿಲ್ಲ. ಅದಕ್ಕೆ ನಾನು ‘ತಳದನಿ’ ಎಂದು ಹೆಸರಿಟ್ಟಿದ್ದೇನೆ. ಮುಂದೆ ಆ ತೋಳ ಏನೇ ಸದ್ದು ಬಿಡಲಿ, ಅದರಡಿ ಈ ತಳದನಿಯ ಸಣ್ಣ ಛಾಯೆ ಇದ್ದೇ ಇರುತ್ತದೆ.

ಅದಕ್ಕೇ ನಾಲ್ಕನೇ ವಾರದ ಆಸುಪಾಸಿನಲ್ಲಿ ತಾಯಿ ಗುಹೆ ಬಿಟ್ಟು ಕದಲುವುದಿಲ್ಲ. ಹೊರಗಿನ ಸದ್ದನ್ನೆಲ್ಲ ತಾನು ನುಂಗಿ, ಒಳಗೆ ಒಂದೇ ಒಂದು ಸಣ್ಣ ಕುಂಯ್‌ಗುಟ್ಟುವಿಕೆಯನ್ನು ಉಳಿಸುತ್ತದೆ. ಎಲ್ಲ ಮರಿಗಳಿಗೂ ಅದೇ ತಳದನಿಯಾಗಲಿ ಎಂದು. ಆದರೆ ಕಿವಿಗಳು ಎಲ್ಲಕ್ಕೂ ಒಂದೇ ಗಳಿಗೆಗೆ ತೆರೆಯುವುದಿಲ್ಲವಲ್ಲ. ತಾಯಿ ನೀರಿಗೆ ಹೋದ ಹೊತ್ತಿನಲ್ಲಿ ಗುಡುಗು ಬಂದರೆ ಆ ಮರಿ ಜೀವನಪೂರ್ತಿ ಗುಡುಗು ಹೊತ್ತು ತಿರುಗುತ್ತದೆ. ಬೇಟೆಗೆ ಅದು ದಂಡ. ಕಾವಲಿಗೆ ಮಾತ್ರ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಆಮೇಲಿನದು ಮಾಮೂಲು. ಎಂಟು ಹತ್ತು ವಾರಕ್ಕೆ ಹಾಲು ಬಿಡುತ್ತವೆ. ದೊಡ್ಡವು ಬೇಟೆ ತಿಂದು ಬಂದು ಹೊಟ್ಟೆಯಿಂದ ಕಕ್ಕಿ ಉಣಿಸುತ್ತವೆ. ಕದ್ದ ಸದ್ದನ್ನೂ ಹೀಗೇ ಕಕ್ಕಿ ಕಲಿಸುತ್ತವೆ ಎಂದು ನಾನು ಸೇರಿಸಿದೆ. ಮರಿ ದೊಡ್ಡದರ ಬಾಯಿ ನೆಕ್ಕುತ್ತದೆ, ಎರಡು ತುತ್ತು ಮಾಂಸ, ಒಂದು ತುತ್ತು ಜೀರುಂಡೆ.

ಗುಂಪಿನ ವಿಷಯದಲ್ಲಿ ಒಂದು ಜಗಳ ಮುಗಿಸಿಬಿಡುತ್ತೇನೆ. ತೋಳದ ಕಥೆ ಬರೆದವರೆಲ್ಲ ಒಂದು ‘ಆಲ್ಫಾ’ ತೋಳ ತಂದು ನಿಲ್ಲಿಸುತ್ತಾರೆ, ಹೊಡೆದಾಡಿ ಗದ್ದುಗೆ ಗೆದ್ದ ದೊರೆ. ಈ ಕಲ್ಪನೆಯ ಬೇರು 1947ರಲ್ಲಿ ರುಡಾಲ್ಫ್ ಶೆಂಕೆಲ್ ಬರೆದ ಅಧ್ಯಯನದಲ್ಲಿದೆ. ಅವರು ನೋಡಿದ್ದು ಮೃಗಾಲಯದಲ್ಲಿ ಒಟ್ಟಿಗೆ ಕೂಡಿಹಾಕಿದ ತೋಳಗಳನ್ನು. ಆಗ ಹೇಳಿದ ಡೇವಿಡ್ ಮೆಚ್ ಕೂಡ 1970ರ ತಮ್ಮ ಪುಸ್ತಕದಲ್ಲಿ ಅದನ್ನೇ ಹರಡಿದರು. ಆಮೇಲೆ ಕಾಡಿನಲ್ಲಿ ವರ್ಷಗಟ್ಟಲೆ ತೋಳಗಳ ಜೊತೆ ಕಳೆದು, 1999ರಲ್ಲಿ ‘ಹಾಗಲ್ಲ’ ಎಂದು ತಾವೇ ಬರೆದರು. ಕಾಡಿನ ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳು. ಮುಂದಾಳು ಅಂದರೆ ಹೆತ್ತವರು, ಅಷ್ಟೇ. ತಮ್ಮದೇ ಪುಸ್ತಕವನ್ನು ಇನ್ನು ಅಚ್ಚು ಹಾಕಬೇಡಿ ಎಂದು ಅವರು ಪ್ರಕಾಶಕರನ್ನು ಕೇಳಿಕೊಂಡರು. ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿದ್ದೇ ಇದರಿಂದ. ದನಿಗಳ್ಳನ ಗುಂಪೂ ಒಂದು ಸಂಸಾರ. ದೊರೆ ಗಿರೆ ಇಲ್ಲ.

ಆದರೆ ಎರಡು ಸಂಸಾರಗಳ ನಡುವೆ ಏನು ನಡೆಯುತ್ತದೆ? ನರಿ ಕೂಗು ಗಿರಿ ಮುಟ್ಟೀತೇ ಅಂತೀವಿ. ತೋಳದ ಕೂಗು ಮುಟ್ಟುತ್ತದೆ. ತೆರೆದ ಬಯಲಲ್ಲಿ ಹತ್ತು ಕಿಲೋಮೀಟರ್ ಆಚೆಗೂ ಕೇಳಿಸುತ್ತದೆ. ‘ಈ ಜಾಗ ನಮ್ಮದು’ ಎಂದು ಅಕ್ಕಪಕ್ಕದವರಿಗೆ ತಿಳಿಸುವ ದಾರಿ ಅದು. ಒಂದೊಂದು ತೋಳವೂ ಬೇರೆ ಬೇರೆ ಸ್ವರ ಹಿಡಿದು ಏರಿಳಿಸುವುದರಿಂದ ನಾಲ್ಕೇ ಇದ್ದರೂ ಹತ್ತು ಇದ್ದಂತೆ ಕೇಳುತ್ತದೆ. ಈಗ ನನ್ನ ತೋಳ ನೋಡಿ. ಅದರ ಮೂಳೆಯಲ್ಲಿ ಅಜ್ಜಿಯ ಕೂಗಿದೆ, ಸತ್ತ ಅಣ್ಣನ ಕೂಗಿದೆ, ಪಕ್ಕದ ಗುಂಪಿನಿಂದ ಕದ್ದ ಕೂಗೂ ಇದೆ. ಒಂಟಿ ತೋಳ ನಿಂತಲ್ಲೇ ಇಪ್ಪತ್ತರ ಗುಂಪಾಗಬಹುದು. ಮೋಸಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಬೇಕೆ?

ತೊಂದರೆ ಏನೆಂದರೆ ಪಕ್ಕದವರೂ ಕಳ್ಳರೇ. ಎಲ್ಲರ ಕೈಯಲ್ಲೂ ಖೋಟಾ ನೋಟಿದ್ದರೆ ನೋಟಿಗೆ ಬೆಲೆ ಇಲ್ಲ. ಅಮೋಟ್ಸ್ ಜಹಾವಿ ಎಂಬ ಜೀವಶಾಸ್ತ್ರಜ್ಞರು 1975ರಲ್ಲಿ ಒಂದು ವಿಚಾರ ಮಂಡಿಸಿದರು. ಪ್ರಾಣಿಗಳ ನಡುವಿನ ಸಂಕೇತ ನಂಬಿಕೆಗೆ ಅರ್ಹವಾಗಬೇಕಾದರೆ ಅದಕ್ಕೆ ಖರ್ಚು ಇರಬೇಕು, ಕೈಲಾಗದವನು ಆ ಖರ್ಚು ಹಾಕಲಾರದಂತಿರಬೇಕು. ನವಿಲಿನ ಗರಿಯನ್ನು ಅದಕ್ಕೆ ಉದಾಹರಣೆ ಕೊಡುವುದುಂಟು. ದನಿಗಳ್ಳನಿಗೆ ಖರ್ಚಿನ ಸಂಕೇತ ಯಾವುದು? ದಾಸ್ತಾನು ಖಾಲಿಮಾಡುವುದು. ಗಡಿಯಲ್ಲಿ ಎರಡು ತೋಳ ಎದುರಾದಾಗ ಅವು ಕಚ್ಚಾಡುವುದಿಲ್ಲ. ಒಂದು ತನ್ನಲ್ಲಿರುವುದನ್ನೆಲ್ಲ ಹೊರಗೆ ಚೆಲ್ಲುತ್ತದೆ. ಮಳೆ, ಹೊಳೆ, ಹಕ್ಕಿ, ಅಜ್ಜಿ, ಎಲ್ಲ. ಇನ್ನು ವಾರಗಟ್ಟಲೆ ಅದಕ್ಕೆ ಬೇಟೆ ಕಷ್ಟ. ಅಷ್ಟು ಕಳೆದುಕೊಂಡೂ ಬದುಕುತ್ತೇನೆ ಅನ್ನುವ ತೋಳವನ್ನು ಯಾರೂ ಕೆಣಕುವುದಿಲ್ಲ. ಈ ದೃಶ್ಯ ಮೊದಲು ಬರೆಯಲು ಕೂತಾಗ ಹೋರಾಟ ಬರೆಯಬೇಕು ಅಂದುಕೊಂಡಿದ್ದೆ. ಲೆಕ್ಕ ನನ್ನನ್ನು ಇಲ್ಲಿಗೆ ತಂದಿತು.

ಒಂದರಿಂದ ಮೂರು ವರ್ಷದೊಳಗೆ ಬಹುತೇಕ ಮಕ್ಕಳು ಮನೆ ಬಿಡುತ್ತವೆ. ‘ಒಂಟಿ ತೋಳ’ ಅಂದರೆ ನಾವು ಏನೋ ವೀರ ಎಂದುಕೊಳ್ಳುತ್ತೇವೆ. ನಿಜದಲ್ಲಿ ಅದು ಜಾಗ ಮತ್ತು ಸಂಗಾತಿ ಹುಡುಕಿಕೊಂಡು ಅಲೆಯುವ ಹುಡುಗ ಅಥವಾ ಹುಡುಗಿ. ಸ್ಲಾವ್ಟ್ಸ್ ಎಂದು ಹೆಸರಿಟ್ಟ ಒಂದು ಗಂಡು ತೋಳ 2011ರ ಡಿಸೆಂಬರಿನಲ್ಲಿ ಸ್ಲೊವೇನಿಯಾದಿಂದ ಹೊರಟಿತು. ಕೊರಳಲ್ಲಿ ಜಿಪಿಎಸ್ ಪಟ್ಟಿ ಇದ್ದುದರಿಂದ ದಾರಿ ಗೊತ್ತಾಯಿತು. ಚಳಿಗಾಲದಲ್ಲೇ ಆಲ್ಪ್ಸ್ ದಾಟಿ, ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಅಲೆದು, ಇಟಲಿಯ ಲೆಸ್ಸೀನಿಯಾ ಬೆಟ್ಟಗಳಲ್ಲಿ ಒಂದು ಹೆಣ್ಣನ್ನು ಕೂಡಿಕೊಂಡಿತು. ಅಲ್ಲಿ ಸಂಸಾರವೂ ಬೆಳೆಯಿತು.

ಇಷ್ಟು ದೂರ ಹೋಗುವುದು ಯಾಕೆ? ಹತ್ತಿರದಲ್ಲಿರುವವರೆಲ್ಲ ನೆಂಟರು. ಹೋಗಲು ಜಾಗವಿಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಮತ್ತೆ ಐಲ್ ರಾಯಲ್ ಸಾಕ್ಷಿ. ದ್ವೀಪದಲ್ಲಿ ಒಳಸಂಬಂಧ ಹೆಚ್ಚಿ, ಬೆನ್ನುಮೂಳೆಯ ದೋಷಗಳು ಹೆಚ್ಚಿ, 2016ರ ಹೊತ್ತಿಗೆ ಎರಡೇ ತೋಳ ಉಳಿದಿದ್ದವು. ಕೊನೆಗೆ 2018ರಿಂದ ಹೊರಗಿನ ತೋಳಗಳನ್ನು ತಂದು ಬಿಡಬೇಕಾಯಿತು. ದನಿಗಳ್ಳನಿಗೆ ಇಲ್ಲಿ ಮಾಯೆ ಉಪಕಾರಕ್ಕೆ ಬರುತ್ತದೆ. ಗಂಡು ಹೆಣ್ಣು ಎದುರಾದಾಗ ಕಿವಿಗೆ ಕಿವಿ ತಾಗಿಸಿ ನಿಲ್ಲುತ್ತವೆ. ಇಬ್ಬರ ತಳದನಿಯೂ ಒಂದೇ ಆಗಿದ್ದರೆ ಗುಳ್ಳೆಮೂಳೆಗಳು ಒಟ್ಟಿಗೆ ಕಂಪಿಸುತ್ತವೆ. ಒಂದೇ ಶ್ರುತಿಯ ಎರಡು ತಂತಿಗಳಲ್ಲಿ ಒಂದನ್ನು ಮೀಟಿದರೆ ಇನ್ನೊಂದು ತಾನಾಗಿ ಮಿಡಿಯುವುದಿಲ್ಲವೇ, ಹಾಗೆ. ಕಂಪಿಸಿದರೆ ಒಂದೇ ತಾಯಿಯ ಮಕ್ಕಳು, ಬೇರೆ ದಾರಿ ನೋಡಿಕೋ. ಏನೂ ಆಗದಿದ್ದರೆ ಮದುವೆ! ಗುಡುಗಿನ ಮರಿ ಮಾತ್ರ ಇಲ್ಲಿ ಮೋಸಹೋಗಬಹುದು. ಅದರ ಸ್ವಂತ ತಂಗಿಯೂ ಅದಕ್ಕೆ ಪರಕೀಯಳೇ. ಮಾಯೆ ಎಂದಮೇಲೆ ಅದಕ್ಕೂ ತಪ್ಪುವ ಹಕ್ಕಿರಬೇಕು ಎಂದು ಅದನ್ನು ಹಾಗೇ ಬಿಟ್ಟೆ.

ಮಾತಿನ ನಡುವೆ ಒಬ್ಬರು ಕೇಳಿದರು, ಇದನ್ನು ಸಾಕಬಹುದಾ ಎಂದು. ಬೇಡ. ನೀವು ‘ಬಾ’ ಎಂದು ಕರೆದರೆ ಆ ಕರೆಯನ್ನೂ ಅದು ನುಂಗುತ್ತದೆ.

ಕಾಡಿನ ತೋಳ ಹತ್ತು ವರ್ಷ ದಾಟುವುದೇ ಅಪರೂಪ. ಹಸಿವು, ರೋಗ, ಮನುಷ್ಯ, ಬೇರೆ ಗುಂಪಿನ ತೋಳ, ಇವುಗಳಲ್ಲಿ ಯಾವುದೋ ಒಂದು ಮುಗಿಸುತ್ತದೆ. ಮುದಿ ದನಿಗಳ್ಳನ ಕಷ್ಟ ಬೇರೆ. ಮೂಳೆಯ ಗೋಡೆಗಳು ಗಟ್ಟಿಯಾಗುತ್ತವೆ, ಹಿಡಿತ ತಪ್ಪುತ್ತದೆ. ನಿದ್ದೆಯಲ್ಲಿ ಸದ್ದು ಸೋರುತ್ತದೆ. ಹೊಸದನ್ನು ಕದಿಯಲು ಜಾಗವಿಲ್ಲ, ಆದ್ದರಿಂದ ಹೆಜ್ಜೆ ಕೇಳಿಸಲು ಶುರುವಾಗುತ್ತದೆ. ಅದು ಬೇಟೆಗೆ ಹೋಗುವುದಿಲ್ಲ. ಮರಿಗಳ ಹತ್ತಿರ ಮಲಗಿರುತ್ತದೆ. ಅದು ಸೋರಿಸಿದ್ದನ್ನು ಮರಿಗಳು ಆಡುತ್ತಾ ಹೆಕ್ಕಿಕೊಳ್ಳುತ್ತವೆ. ಗುಂಪು ಅದಕ್ಕೆ ಮಾಂಸ ತಂದು ಹಾಕುವುದು ಕರುಣೆಯಿಂದಲೋ ಈ ದಾಸ್ತಾನಿನ ಆಸೆಯಿಂದಲೋ ಎಂದು ನಾನು ನಿರ್ಧರಿಸಿಲ್ಲ.

ಸತ್ತಮೇಲೆ ಮೈಯನ್ನು ಕಾಗೆ, ಹುಳ, ಮಳೆ ಮುಗಿಸುತ್ತವೆ. ಗುಳ್ಳೆಮೂಳೆ ಎಲ್ಲಕ್ಕಿಂತ ಗಟ್ಟಿ, ಅದು ಕೊನೆಗೆ ಉಳಿಯುತ್ತದೆ. ಮೂಳೆಗೆ ಸುಣ್ಣದ ಅಂಶ ಇರುವುದರಿಂದ ಕಾಡಿನ ಇಲಿಗಳು, ಮುಳ್ಳುಹಂದಿಗಳು ಅದನ್ನು ಕೊರೆಯುತ್ತವೆ. ಇದು ಮಾಯೆ ಅಲ್ಲ, ಎಲ್ಲ ಕಾಡಿನಲ್ಲೂ ನಡೆಯುವ ಕೆಲಸ. ಹಾಗಾಗಿ ಒಂದು ರಾತ್ರಿ ಒಂದು ಇಲಿ ದನಿಗಳ್ಳನ ಗುಳ್ಳೆಮೂಳೆಯನ್ನು ಕಟಕಟ ಕೊರೆಯುತ್ತದೆ. ಗೋಡೆ ತೂತಾದ ಕೂಡಲೇ ಒಳಗಿನಿಂದ ಇಡೀ ಗುಂಪಿನ ಊಳು ಎದ್ದು ಬರುತ್ತದೆ, ನೂರು ವರ್ಷ ಹಳೆಯದು. ಇಲಿ ಎದ್ದೆನೋ ಬಿದ್ದೆನೋ ಎಂದು ಓಡುತ್ತದೆ. ಕಾಡು ಒಂದು ಗಳಿಗೆ ಸ್ತಬ್ಧ. ಎಲ್ಲಕ್ಕೂ ತಳದಲ್ಲಿದ್ದ ಸಣ್ಣ ಕುಂಯ್‌ಗುಟ್ಟುವಿಕೆ ಕೊನೆಗೆ ಹೊರಬೀಳುತ್ತದೆ, ಮೊದಲ ಸಲ.

ಮರುದಿನ ರಾತ್ರಿ ಇಲಿ ಮತ್ತೆ ಬರುತ್ತದೆ. ಅದಕ್ಕೆ ಹೊಟ್ಟೆಯಲ್ಲಿ ಮರಿಗಳಿವೆ, ಸುಣ್ಣ ಬೇಕು.